ಬಚ್ಚಲಿನ ಟೈಲ್ಸ್ ಕೆಲಸ: ಮೂರು ಪರೀಕ್ಷೆಗಳು

ನಿಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸುತ್ತಿದ್ದಾರೆಯೇ? ಹೊಳಪು ನೋಡಿ ಕೆಲಸ ಚೆನ್ನಾಗಿದೆ ಎನ್ನಬೇಡಿ. ಹೊಳಪು ಕಾರ್ಖಾನೆಯದು, ಕೆಲಸದ ಗುಣಮಟ್ಟ ತಿಳಿಯಲು ಬೇರೆ ಪರೀಕ್ಷೆಗಳಿವೆ.

ಮೊದಲನೆಯದನ್ನು ಟೈಲ್ಸ್ ಕೂರಿಸುವ ಮುನ್ನವೇ ಮಾಡಬೇಕು. ಟೈಲ್ಸ್ ಸಂದಿಗೆ ತುಂಬುವ ಸಿಮೆಂಟು ನೀರನ್ನು ಪೂರ್ತಿ ತಡೆಯದು. ತಡೆಯುವುದು ಅದರಡಿಯ ಜಲನಿರೋಧಕ ಪದರ. ಆ ಪದರ ಒಣಗಿದ ಮೇಲೆ ನೀರು ಹೋಗುವ ಕಿಂಡಿಯನ್ನು ಮುಚ್ಚಿ, ನೆಲದ ಮೇಲೆ 24ರಿಂದ 48 ಗಂಟೆ ನೀರು ನಿಲ್ಲಿಸಿ. ಪಕ್ಕದ ಗೋಡೆ, ಕೆಳಗಿನ ಮನೆಯ ಚಾವಣಿ ಒದ್ದೆಯಾಗದಿದ್ದರೆ ಮುಂದುವರಿಯಬಹುದು. ಇದನ್ನು ಬಿಟ್ಟರೆ, ಮುಂದೆ ಸೋರಿಕೆ ಕಂಡಾಗ ಹಾಕಿದ ಟೈಲ್ಸನ್ನೇ ಒಡೆಯಬೇಕಾದೀತು.

ಎರಡನೆಯದು ಸದ್ದು. ಟೈಲ್ಸ್ ಕೂರಿಸಿ ಗಾರೆ ಗಟ್ಟಿಯಾದ ಮೇಲೆ, ನಾಣ್ಯದಿಂದ ಪ್ರತಿಯೊಂದರ ನಡುವನ್ನೂ ಮೂಲೆಗಳನ್ನೂ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಸರಿಯಾಗಿ ತುಂಬಿಲ್ಲ. ಭಾರ ಬಿದ್ದರೆ ಅಲ್ಲಿ ಬಿರುಕು ಬಿಡುತ್ತದೆ.

ಮೂರನೆಯದು ವಾಟ. ಒಂದು ಬಕೆಟ್ ನೀರು ಸುರಿಯಿರಿ. ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರಿದ್ದರೆ ನೀರು ತಾನಾಗಿ ಕಿಂಡಿಯತ್ತ ಹರಿಯುತ್ತದೆ. ಮೂಲೆಯಲ್ಲಿ ನಿಂತರೆ ಪಾಚಿ ಕಟ್ಟುತ್ತದೆ. ನಿಮ್ಮ ಅಜ್ಜಿ ಕಾಲು ಜಾರುವುದು ಅಲ್ಲೇ!

ಪೂರ್ತಿ ಹಣ ಕೊಡುವ ಮೊದಲು ಒಂದು ನಾಣ್ಯ, ಒಂದು ಬಕೆಟ್ ನೀರು ಕೈಯಲ್ಲಿರಲಿ.