ಬ್ಯಾಟರಿ ಸೈಕಲ್ಲೋ, ಬ್ಯಾಟರಿ ಮೊಪೆಡ್ಡೋ?

ಸಂಘದ ಸಾಲದಲ್ಲಿ ಬ್ಯಾಟರಿ ಗಾಡಿ ತಗೋಬೇಕು ಅಂತಿದ್ದೀರಾ? "ಲೈಸೆನ್ಸ್ ಬೇಡ ಅಕ್ಕಾ" ಎಂದು ಅಂಗಡಿಯವರು ಹೇಳುವ ಮಾತು ಎಲ್ಲ ಗಾಡಿಗೂ ಅನ್ವಯಿಸುವುದಿಲ್ಲ. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದು, ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿದ್ದರೆ ಮಾತ್ರ ಲೈಸೆನ್ಸ್, ನೋಂದಣಿ ಬೇಡ. ಅದಕ್ಕಿಂತ ಜೋರಾಗಿ ಓಡುವ ಮೊಪೆಡ್ಡಿಗೆ ಲೈಸೆನ್ಸ್, ನೋಂದಣಿ, ವಿಮೆ, ಹೆಲ್ಮೆಟ್ ಎಲ್ಲವೂ ಬೇಕೇ ಬೇಕು. ವಿಮೆಯಿಲ್ಲದೆ ಯಾರಿಗಾದರೂ ಡಿಕ್ಕಿಯಾದರೆ ಪರಿಹಾರವನ್ನೂ ನಾವೇ ಕಟ್ಟಬೇಕು, ಸಂಘದ ಕಂತನ್ನೂ ಕಟ್ಟಬೇಕು.

ಒಬ್ಬರೇ ಡೇರಿಗೋ ಹೊಲಿಗೆ ಕೆಲಸಕ್ಕೋ ಹೋಗಿಬರಲು ಸೈಕಲ್ ಸಾಕು. ಚಾರ್ಜ್ ಮುಗಿದರೂ ಪೆಡಲ್ ತುಳಿದು ಮನೆ ಸೇರಬಹುದು. ತರಕಾರಿ ಮೂಟೆ, ಜೊತೆಗೆ ಮಗು, ಏರು ರಸ್ತೆ ಎಂದರೆ ಮೊಪೆಡ್ಡೇ ಸರಿ. ಯಾವುದೇ ಆಗಲಿ, ದೊಡ್ಡ ಖರ್ಚು ಬರುವುದು ಬ್ಯಾಟರಿ ಬದಲಿಸುವಾಗ. ಅದರ ಗ್ಯಾರಂಟಿ ಎಷ್ಟು ವರ್ಷವೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.