ಮರದ ಚೌಕಟ್ಟಿನ ಕೈಗರಗಸ

ನೇಗಿಲಿನ ಮೇಳಿ ಮುರಿದಾಗ ಬಿತ್ತನೆಯ ಹದ ಕಾಯುವುದಿಲ್ಲ. ಗರಗಸ ಮನೆಯಲ್ಲೇ ಇರಲಿ.

ಒಣಗಿದ ಜಾಲಿಮರದಿಂದ 18 ಅಂಗುಲದ ಎರಡು ಕೈಮರ ಮಾಡಿರಿ. ಅವುಗಳ ನಡುಮಧ್ಯದ ಕುಳಿಗಳಲ್ಲಿ ಅಡ್ಡಪಟ್ಟಿ ಕೂರಿಸಿರಿ. ಇದಕ್ಕೆ ಮೊಳೆ ಬೇಡ. ಕೈಮರಗಳು ತುಸು ಆಡಬೇಕು. ಕೆಳತುದಿಗಳ ಸೀಳಿನಲ್ಲಿ 24 ಅಂಗುಲದ ಉಕ್ಕಿನ ಅಲಗನ್ನಿಟ್ಟು ಕಬ್ಬಿಣದ ಆಣಿ ಹಾಕಿರಿ. ಮೇಲ್ತುದಿಗಳಿಗೆ ಗಟ್ಟಿ ಹುರಿಯನ್ನು ನಾಲ್ಕು ಸುತ್ತು ಕಟ್ಟಿ, ನಡುವೆ ಕಡ್ಡಿ ತೂರಿಸಿ ತಿರುಚಿರಿ. ಬಿಗಿಯಾದ ಮೇಲೆ ಕಡ್ಡಿಯನ್ನು ಅಡ್ಡಪಟ್ಟಿಗೆ ತಡೆಕೊಟ್ಟು ನಿಲ್ಲಿಸಿರಿ.

ಹುರಿ ಮೇಲ್ತುದಿಗಳನ್ನು ಒಳಕ್ಕೆ ಎಳೆದಂತೆ ಕೆಳತುದಿಗಳು ಹೊರಕ್ಕೆ ಸರಿದು ಅಲಗನ್ನು ಸೆಳೆಯುತ್ತವೆ. ತೆಳುವಾದ ಅಲಗೂ ಬಳುಕದೆ ನೇರ ಕೊಯ್ಯುವುದು ಈ ಬಿಗಿಯಿಂದಲೇ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ಬಾಗಿಸಿದರೆ ಹಸಿಮರದಲ್ಲೂ ಅಲಗು ಸಿಕ್ಕಿಕೊಳ್ಳದು.

ಕೆಲಸ ಮುಗಿದೊಡನೆ ಹುರಿ ಸಡಿಲಿಸಿರಿ. ಇಲ್ಲವಾದರೆ ಕೈಮರ ಬಾಗೀತು. ಅಲಗಿಗೆ ಎಣ್ಣೆ ಸವರಿ, ಮಕ್ಕಳ ಕೈಗೆಟುಕದಂತೆ ತೂಗುಹಾಕಿರಿ.