ಕಾಂಡ್ಲಾವನವೂ ಸರಕಾರದ ಲೆಕ್ಕವೂ

ಕೋಪರಿಯ ಮಗ್ಗುಲಲ್ಲಿರುವ ಠಾಣೆ ಖಾಡಿಯ ದಂಡೆಯಲ್ಲಿ ಕಾಂಡ್ಲಾ ಗಿಡಗಳು ಕೆಸರಿನಲ್ಲಿ ಬೇರೂರಿ ನಿಂತಿರುವುದನ್ನು ವಿದ್ಯಾರ್ಥಿಮಿತ್ರರು ಕಂಡಿರಬಹುದು. ಮರಾಠಿಯಲ್ಲಿ ಇವನ್ನು ತಿವರ ಎನ್ನುವರು. ಈ ವನದ ಬೆಲೆಯೆಷ್ಟು? ಪೇಟೆಯನ್ನು ಕೇಳಿದರೆ ಅದು ಕೆಳಗಿನ ನೆಲದ ಬೆಲೆಯನ್ನಷ್ಟೇ ಹೇಳೀತು. ಆದರೆ ಈ ಗಿಡಗಳು ಅಲೆಗಳ ರಭಸವನ್ನು ತಗ್ಗಿಸುತ್ತವೆ, ಮೀನುಮರಿಗಳಿಗೆ ಆಶ್ರಯವೀಯುತ್ತವೆ, ಗಾಳಿಯೊಳಗಿನ ಇಂಗಾಲವನ್ನು ಹೀರಿ ಕೆಸರಿನಲ್ಲಿ ಹುದುಗಿಸಿಡುತ್ತವೆ. ಈ ಸೇವೆಗೆ ಯಾರೂ ಹಣ ತೆರುವುದಿಲ್ಲವಾದ್ದರಿಂದ ಪೇಟೆಯ ಲೆಕ್ಕದಲ್ಲಿ ಅದು ಸೊನ್ನೆ.

ಹೊಗೆಯ ಕಥೆಯೂ ಇಂಥದೇ. ಲಾಭವು ಒಬ್ಬನದು, ಭೂಮಿ ಬಿಸಿಯೇರುವ ನಷ್ಟವು ಎಲ್ಲರದು. ಪರರ ಮೇಲೆ ಬೀಳುವ ಇಂತಹ ನಷ್ಟವನ್ನು ಸರಕಾರವು ತೆರಿಗೆಯ ಮೂಲಕ ಸರಿಪಡಿಸಬಹುದೆಂದು ಆಂಗ್ಲ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿಯೇ ವಾದಿಸಿದನು.

ಆದರೆ ಸರಕಾರವು ಕಾವಲುಗಾರ ಮಾತ್ರವಲ್ಲ, ಕಟ್ಟುವವನೂ ಹೌದು. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮಹಾರಾಷ್ಟ್ರದಲ್ಲಿ ಕಾಂಡ್ಲಾ ನಾಶವನ್ನು ನಿಷೇಧಿಸಿತು. 2022ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು, ಸಾರ್ವಜನಿಕ ಹಿತವೆಂದು, ಬುಲೆಟ್ ರೈಲಿಗಾಗಿ 20 ಸಾವಿರಕ್ಕೂ ಹೆಚ್ಚು ಗಿಡಗಳನ್ನು ಕಡಿಯಲು ಅನುಮತಿಯಿತ್ತಿತು. ರೈಲೂ ಬೇಕು, ವನವೂ ಬೇಕು. ಎರಡನ್ನೂ ತೂಗುವಾಗ ತಕ್ಕಡಿಯಲ್ಲಿ ಗಿಡಗಳ ದುಡಿಮೆಯನ್ನೂ ಇಡಬೇಕು. ಅದನ್ನು ಬಿಟ್ಟ ಲೆಕ್ಕದ ಬಾಕಿಯನ್ನು ತೀರಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ.